ಎಣಿಕೆಯಲ್ಲಿಲ್ಲದ ಅಡುಗೆಯಕ್ಕ

ಅಡುಗೆಯಕ್ಕನ ಎಡಗಣ್ಣಿನ ಮೇಲೆ ಹುಬ್ಬು ಅರ್ಧವೇ ಇತ್ತು. ಮೂಗಿನ ಕಡೆಯ ಅರ್ಧ ದಟ್ಟ ಕಪ್ಪು, ಕಿವಿಯ ಕಡೆಯ ಅರ್ಧ ಬರೀ ಚರ್ಮ. ಶಾಲೆಗೆ ಗ್ಯಾಸ್ ಒಲೆ ಬಂದ ಹೊಸತರಲ್ಲಿ ಕಡ್ಡಿ ಗೀರುವ ಮೊದಲೇ ಗ್ಯಾಸ್ ತಿರುಗಿಸಿಟ್ಟು, ಇದೇನು ಹತ್ತಿಕೊಳ್ಳುವುದೇ ಇಲ್ಲವಲ್ಲ ಎಂದು ಬಗ್ಗಿ ನೋಡಿ ಕಡ್ಡಿ ಗೀರಿದ್ದರಂತೆ. ಭಗ್ಗನೆ ಎದ್ದ ಬೆಂಕಿ ಹುಬ್ಬನ್ನು ಅರ್ಧ ತಿಂದು ಅಲ್ಲಿಗೇ ನಿಂತಿತು. ಮತ್ತೆ ಅಲ್ಲಿ ಕೂದಲು ಹುಟ್ಟಲಿಲ್ಲ. ಮಕ್ಕಳು ಯಾರಾದರೂ ಅದನ್ನೇ ದಿಟ್ಟಿಸಿದರೆ, "ಎಂತ ನೋಡ್ತೀಯ? ಉಳಿದರ್ಧ ಸಾರಿಗೆ ಬಿತ್ತು. ನಿನ್ನೆ ನೀನೇ ಉಂಡಿದ್ದು" ಎನ್ನುತ್ತಿದ್ದರು.

ವರ್ಷವಿಡೀ ಆ ಅರ್ಧ ಹುಬ್ಬಿನಲ್ಲೇ ಓಡಾಡುತ್ತಿದ್ದ ಅವರು ಒಂದು ದಿನ ಮಾತ್ರ ಕಾಡಿಗೆ ತೀಡಿ ಅದನ್ನು ಪೂರ್ತಿ ಮಾಡಿಕೊಂಡು ಬರುತ್ತಿದ್ದರು. ಅದು ಶಾಲೆಯ ಮಕ್ಕಳು ಮೈಸೂರು ಪ್ರವಾಸಕ್ಕೆ ಹೊರಡುವ ದಿನ.

ಕೊಪ್ಪದಿಂದ ಬಸರೀಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಶಾಲೆಗೆ ನಾನು ಟೀಚರಾಗಿ ಬಂದಾಗ ಅವರು ಅಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಮಕ್ಕಳಿಗೂ ನಮಗೂ ಹೆಡ್‌ಮಾಸ್ಟರಿಗೂ ಅವರು ಅಡುಗೆಯಕ್ಕ. ಸುತ್ತಿನ ಎಸ್ಟೇಟುಗಳಲ್ಲಿ ಕೆಲಸ ಮಾಡುವವರ ಮಕ್ಕಳು, ಸಣ್ಣಪುಟ್ಟ ಹಿಡುವಳಿದಾರರ ಮಕ್ಕಳು ನಮ್ಮಲ್ಲಿ ಓದುತ್ತಿದ್ದರು. ಅವರಲ್ಲಿ ಹೆಚ್ಚಿನವರು ಚಿಕ್ಕಮಗಳೂರು ದಾಟುತ್ತಿದ್ದದ್ದು ಈ ಪ್ರವಾಸದಲ್ಲೇ. ಎರಡು ದಿನದ ಪ್ರವಾಸ. ಮೊದಲ ದಿನ ಶ್ರೀರಂಗಪಟ್ಟಣ ನೋಡಿ ಛತ್ರದಲ್ಲಿ ಉಳಿಯುವುದು, ಎರಡನೇ ದಿನ ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಕೆ.ಆರ್.ಎಸ್‌ನ ದೀಪದ ಕಾರಂಜಿ. ಐವತ್ತು ಮಕ್ಕಳನ್ನು ಹೋಟೆಲಿಗೆ ನುಗ್ಗಿಸಿದರೆ ಅರ್ಧಕ್ಕರ್ಧ ಮಕ್ಕಳಿಗೆ ಹೊಟ್ಟೆ ಕೆಡುತ್ತದೆ ಎಂಬುದು ನಮ್ಮ ಕಡೆಯ ಶಾಲೆಗಳ ಹಳೆಯ ನಂಬಿಕೆ. ಹಾಗಾಗಿ ಒಲೆ, ಸಿಲಿಂಡರು, ಅಕ್ಕಿ, ತರಕಾರಿ, ಪಾತ್ರೆ, ಕೊನೆಗೆ ಅಡುಗೆಯಕ್ಕ, ಎಲ್ಲವೂ ಬಸ್ಸಿನ ಹಿಂಭಾಗಕ್ಕೆ ಏರುತ್ತಿದ್ದವು. ಹೀಗೆ 'ಏರುತ್ತಿದ್ದವು' ಎಂದು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆದರೆ ನಾವು ಅವರನ್ನು ಆ ಸಾಮಾನುಗಳ ಜೊತೆಯಲ್ಲೇ ಲೆಕ್ಕ ಹಿಡಿದಿದ್ದೆವು ಎಂಬುದು ನಿಜ.

ನಾನು ಆ ಶಾಲೆ ಸೇರುವ ಹೊತ್ತಿಗೆ ಅವರು ಆರು ಸಲ ಮೈಸೂರಿಗೆ ಹೋಗಿಬಂದಿದ್ದರು. ನನಗೆ ಅದು ಮೊದಲ ಪ್ರವಾಸ. ಊರು ತಿಳಿದವರು ಜೊತೆಗಿದ್ದಾರಲ್ಲ ಎಂಬ ಧೈರ್ಯದಲ್ಲಿ, "ಅಕ್ಕ, ಮೈಸೂರು ಹೇಗಿದೆ?" ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: "ಅರಮನೆ ಹತ್ರ ನೀರಿಗೆ ತೊಂದರೆ ಇಲ್ಲ ಟೀಚರೆ, ಬಸ್ ನಿಲ್ಸೋ ಬಯಲಿನ ಮೂಲೇಲೇ ನಲ್ಲಿ ಇದೆ. ಬೆಟ್ಟದ ಮೇಲೆ ಗಾಳಿ, ಒಲೆ ನಿಲ್ಲೋದಿಲ್ಲ, ನಾಲ್ಕು ಕಡೆ ಗೋಣಿ ಕಟ್ಟಬೇಕು. ಶ್ರೀರಂಗಪಟ್ಟಣದಲ್ಲಿ ಮಂಗನ ಕಾಟ. ಮೃಗಾಲಯದ ಹತ್ರ ನೆರಳು ಚೆನ್ನಾಗಿದೆ, ಪಾತ್ರೆ ತೊಳೆಯೋಕೆ ಸುಖ."

ನಾನು ನಕ್ಕೆ. ಅವರೂ ನಕ್ಕರು. ಆರು ಸಲ ಹೋದರೂ ಅವರು ಒಂದು ಗೇಟನ್ನೂ ದಾಟಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ನಾವು ಒಳಗೆ ಹೋಗಿ ಸಿಂಹಾಸನ, ಕನ್ನಡಿ, ಚಾವಣಿ ನೋಡುವ ಹೊತ್ತಿನಲ್ಲಿ ಅವರು ಹೊರಗೆ ಬಸ್ಸಿನ ನೆರಳಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ನಾವು ಹೊರಬರುವಷ್ಟರಲ್ಲಿ ಅನ್ನ ಸಾರು ಬೆಂದಿರುತ್ತಿತ್ತು. ಉಂಡು ಮುಗಿಸಿ ನಾವು ಮುಂದಿನ ಜಾಗಕ್ಕೆ ಗಡಿಬಿಡಿ ಮಾಡುವಾಗ ಅವರು ಪಾತ್ರೆ ತೊಳೆಯುತ್ತಿದ್ದರು. ಮಕ್ಕಳು ತಟ್ಟೆಯೊಡ್ಡಿ ಸಾಲಾಗಿ ನಿಂತಾಗ ಬಡಿಸುವ ಕೆಲಸ ಮಾತ್ರ ನಮ್ಮದು. ಮಕ್ಕಳು ನಮಗೆ ಥ್ಯಾಂಕ್ಸ್ ಹೇಳುವುದನ್ನು ಕೇಳಿ, "ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಸುಮ್ನೆ ಹೇಳಿಲ್ಲ ನೋಡಿ" ಎಂದು ನನ್ನನ್ನು ಕೆಣಕುತ್ತಿದ್ದರು.

ಅವರ ನಾಲಿಗೆ ಸ್ವಲ್ಪ ಹರಿತವೇ. ಅನ್ನ ಬಿಟ್ಟ ಮಗುವಿಗೂ ತಡವಾಗಿ ಬಂದ ಮಾಸ್ತರಿಗೂ ಒಂದೇ ಅಳತೆಯ ಬೈಗುಳ. ಪಾತ್ರೆಗಳ ವಿಷಯದಲ್ಲಂತೂ ಯಾರನ್ನೂ ನಂಬುತ್ತಿರಲಿಲ್ಲ. ಪ್ರತಿ ಜಾಗದಿಂದ ಬಸ್ಸು ಹೊರಡುವ ಮೊದಲು ತಪ್ಪಲೆ, ಬೋಗುಣಿ, ಸೌಟು, ಜಾಲರಿ, ಈಳಿಗೆಮಣೆ ಎಂದು ಗಟ್ಟಿಯಾಗಿ ಹೇಳುತ್ತ ಒಂದೊಂದನ್ನೂ ಮುಟ್ಟಿ ಒಳಗಿಡುತ್ತಿದ್ದರು. ಮುಂದಿನ ಬಾಗಿಲಲ್ಲಿ ನಾನು ಮಕ್ಕಳನ್ನು ಎಣಿಸುತ್ತಿದ್ದೆ, ಹಿಂದಿನ ಬಾಗಿಲಲ್ಲಿ ಅವರು ಪಾತ್ರೆ ಎಣಿಸುತ್ತಿದ್ದರು.

ಎಣಿಕೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಹೋದ ಮೊದಲ ವರ್ಷದಿಂದಲೇ ಆ ಜವಾಬ್ದಾರಿ ನನ್ನದಾಯಿತು. ಪ್ರತಿ ಮಗುವಿಗೂ ಒಂದು ಸಂಖ್ಯೆ. ಬಸ್ಸು ಹತ್ತಿ ಕೂತಮೇಲೆ ನಾನು ಚಪ್ಪಾಳೆ ತಟ್ಟಿದರೆ ಒಂದರಿಂದ ಶುರುವಾಗಿ ಕೊನೆಯ ಸಂಖ್ಯೆಯವರೆಗೆ ಮಕ್ಕಳು ಒಬ್ಬರಾದಮೇಲೆ ಒಬ್ಬರು ಕೂಗಬೇಕು. ಆಮೇಲೆ ಟೀಚರುಗಳು. ಒಂದು ಸಂಖ್ಯೆ ತಪ್ಪಿದರೂ ಬಸ್ಸು ಕದಲುವಂತಿಲ್ಲ. ಈ ಪದ್ಧತಿಯನ್ನು ಹೆಡ್‌ಮಾಸ್ಟರು ತಾಲ್ಲೂಕು ಸಭೆಯಲ್ಲಿ ಹೊಗಳಿದ್ದರು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಶಾಲೆಯ ಟೀಚರು ಸಿಕ್ಕಿ, "ನೀವೇ ಅಲ್ವಾ ನಂಬರ್ ಕೂಗಿಸೋರು?" ಎಂದು ಕೇಳಿದಾಗ ನನಗೆ ಒಳಗೊಳಗೇ ಜಂಬವಾಗಿತ್ತು. ಅಡುಗೆಯಕ್ಕನಿಗೆ ಸಂಖ್ಯೆ ಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಬೇಕು? ಬಸ್ಸು ಎಲ್ಲಿದೆಯೋ ಅಲ್ಲಿ ಅವರು ಇದ್ದೇ ಇರುತ್ತಿದ್ದರು.

ಅವರಿಗೆ ಮೈಸೂರಿನಲ್ಲಿ ನೋಡಬೇಕೆಂದು ಆಸೆಯಿದ್ದದ್ದು ಒಂದೇ ಒಂದು. ಅರಮನೆಯಲ್ಲ, ಕಾರಂಜಿಯಲ್ಲ, ನೀರುಕುದುರೆ. ಒಂದು ವರ್ಷ ಮಕ್ಕಳು ಮೃಗಾಲಯದಿಂದ ಓಡುತ್ತ ಬಂದು, "ಅಕ್ಕ, ನೀರುಕುದುರೆ ಬಾಯಿ ತೆಗೀತು. ನಿಮ್ಮ ಅನ್ನದ ತಪ್ಪಲೆಗಿಂತ ದೊಡ್ಡದು" ಎಂದುಬಿಟ್ಟಿದ್ದರು. ಅನ್ನದ ತಪ್ಪಲೆಯೆಂದರೆ ಅವರ ಕಣ್ಣಲ್ಲಿ ಲೋಕದಲ್ಲೇ ದೊಡ್ಡ ವಸ್ತು. ಅದನ್ನು ಸೀರೆಯ ಸೆರಗಿನಲ್ಲಿ ಹಿಡಿದು ಒಬ್ಬರೇ ಇಳಿಸುತ್ತೇನೆಂಬ ಹೆಮ್ಮೆ ಬೇರೆ. "ಸುಳ್ಳು ಹೇಳ್ಬೇಡಿ" ಎಂದು ಗದರಿದರೂ ಅದು ಅವರ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಪ್ರತಿ ವರ್ಷ ಬಸ್ಸು ಮೃಗಾಲಯದ ಮುಂದೆ ನಿಂತಾಗ ನನ್ನನ್ನು ಕೇಳುವರು: "ಹೌದಾ ಟೀಚರೆ? ತಪ್ಪಲೆಗಿಂತ ದೊಡ್ಡದಾ?"

"ಮುಂದಿನ ವರ್ಷ ನೀವೇ ನೋಡಿ ಅಕ್ಕ, ಖಂಡಿತ ಕರ್ಕೊಂಡು ಹೋಗ್ತೀನಿ" ಎಂದು ನಾನು ಹೇಳುತ್ತಿದ್ದೆ. ಹೀಗೆ ಐದು ಸಲ ಹೇಳಿದೆ. ಐದು ಸಲವೂ ಅವರು ಕಾಡಿಗೆ ತೀಡಿಕೊಂಡು ಬಂದಿದ್ದರು. ಸಂಜೆಯ ಹೊತ್ತಿಗೆ ಒಲೆಯ ಬೆವರಿಗೆ ಆ ಅರ್ಧ ಹುಬ್ಬು ಕರಗಿ ಕೆನ್ನೆಗಿಳಿದಿರುತ್ತಿತ್ತು.

ಆರನೇ ವರ್ಷ ನಾನು ಮಾತು ಉಳಿಸಿಕೊಂಡೆ. ಮಾತು ಉಳಿಸಿಕೊಂಡ ಆ ದಿನವೇ ನಾನು ಅವರಿಗೆ ದ್ರೋಹ ಮಾಡಿದ ದಿನವೂ ಹೌದು.

ಅಂದು ಮೃಗಾಲಯದ ಹತ್ತಿರ ಮಧ್ಯಾಹ್ನದ ಊಟ ಮುಗಿದಿತ್ತು. ಸಂಜೆಯ ತಿಂಡಿಗೆ ಅವಲಕ್ಕಿ ಕಲಸಿ ಡಬ್ಬಿಗೆ ತುಂಬಿಟ್ಟಿದ್ದರು. ಪಾತ್ರೆ ತೊಳೆದೂ ಆಗಿತ್ತು. ಮಕ್ಕಳು ಹೆಡ್‌ಮಾಸ್ಟರ ಜೊತೆ ಆಗಲೇ ಒಳಗೆ ಹೋಗಿದ್ದರು. ನಾನು ಹಿಂದುಳಿದು, "ಅಕ್ಕ, ಇವತ್ತು ನೀವು ಹೋಗ್ಲೇಬೇಕು. ಪಾತ್ರೆ ಡ್ರೈವರ್ ನೋಡ್ಕೊಳ್ತಾರೆ" ಎಂದು ಟಿಕೆಟ್ಟನ್ನು ಕೈಗೆ ತುರುಕಿದೆ.

"ನಾನೊಬ್ಳೇನಾ?"

"ಬಾಣದ ಗುರುತು ಹಾಕಿದ್ದಾರೆ, ಹಾಗೇ ಹೋಗಿ. ನೀರುಕುದುರೆ ಎಲ್ಲಿ ಅಂದ್ರೆ ಯಾರಾದ್ರೂ ಹೇಳ್ತಾರೆ. ನಾಲ್ಕೂವರೆಗೆ ಈ ಗೇಟಿನ ಕಂಬದ ಹತ್ರ ಬಂದ್ಬಿಡಿ."

"ನಾಲ್ಕೂವರೆ" ಎಂದು ತಮಗೆ ತಾವೇ ಹೇಳಿಕೊಂಡರು. ಸೆರಗು ಬಿಚ್ಚಿ ಕೊಡವಿ ಮತ್ತೆ ಹೊದ್ದರು. ಬೆಳಿಗ್ಗೆ ಮತ್ತೆ ತೀಡಿಕೊಂಡಿದ್ದ ಹುಬ್ಬನ್ನು ಬಸ್ಸಿನ ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡು ಗೇಟಿನ ಕಡೆ ನಡೆದರು. ಯಾವತ್ತೂ ದಾಪುಗಾಲು ಹಾಕುವವರು ಅವತ್ತು ಮದುವೆಮನೆಗೆ ಬಂದವರಂತೆ ನಿಧಾನಕ್ಕೆ ಹೋದರು.

ನಾನು ಮಕ್ಕಳನ್ನು ಸೇರಿಕೊಂಡೆ. ಅಷ್ಟೇ, ಅಡುಗೆಯಕ್ಕ ನನ್ನ ತಲೆಯಿಂದ ಹೋದರು. ಜಿರಾಫೆಯ ಹತ್ತಿರ ಒಬ್ಬನ ಚಪ್ಪಲಿ ಹರಿಯಿತು, ಹುಲಿಯ ಹತ್ತಿರ ಇಬ್ಬರು ಜಗಳವಾಡಿಕೊಂಡರು, ಒಬ್ಬಳಿಗೆ ತಲೆಸುತ್ತು ಬಂತು. ಅಷ್ಟರಲ್ಲಿ ಹೆಡ್‌ಮಾಸ್ಟರು, "ಇವತ್ತು ಕೆ.ಆರ್.ಎಸ್‌ನಲ್ಲಿ ಬಹಳ ಜನ ಇರ್ತಾರಂತೆ, ನಾಲ್ಕಕ್ಕೇ ಹೊರಡೋಣ" ಎಂದರು. ಮಕ್ಕಳನ್ನು ಅಟ್ಟಿಕೊಂಡು ಬಂದು ಬಸ್ಸು ಹತ್ತಿಸಿದೆ. ಚಪ್ಪಾಳೆ ತಟ್ಟಿದೆ. ಒಂದು, ಎರಡು, ಮೂರು ಎಂದು ಶುರುವಾಗಿ ಐವತ್ತಮೂರರವರೆಗೆ ಒಂದೂ ತಪ್ಪದೆ ಬಂತು. ಟೀಚರುಗಳು ನಾಲ್ವರು. "ಎಲ್ಲ ಸರಿ ಇದೆ, ಹೋಗೋಣ" ಎಂದು ನಾನೇ ಹೇಳಿದೆ. ಡ್ರೈವರು ಡೀಸೆಲ್ ಹಾಕಿಸಿಕೊಂಡು ಆಗಷ್ಟೇ ಬಸ್ಸು ತಂದು ನಿಲ್ಲಿಸಿದ್ದರು, ಅಕ್ಕ ಹಿಂದೆ ಹತ್ತಿದ್ದಾರೆ ಎಂದುಕೊಂಡರು. ಅವರದೇನೂ ತಪ್ಪಿಲ್ಲ.

ದಾರಿಯುದ್ದಕ್ಕೂ ಮಕ್ಕಳು ಹಾಡು ಹೇಳಿದರು. ನಾನೂ ಹೇಳಿದೆ.

ಕೆ.ಆರ್.ಎಸ್‌ನಲ್ಲಿ ಇಳಿದು, ಒಳಗೆ ಹೋಗುವ ಮೊದಲು ತಿಂಡಿ ಕೊಟ್ಟುಬಿಡೋಣವೆಂದು ಮಕ್ಕಳನ್ನು ಸಾಲಾಗಿ ಕೂರಿಸಿದೆವು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ಬಸ್ಸಿನ ಹಿಂದಕ್ಕೆ ಹೋಗಿ ವಾಪಸು ಬಂದು, "ಟೀಚರ್, ಅಕ್ಕ ಇಲ್ಲ" ಎಂದಳು.

"ಅಲ್ಲೇ ಇರ್ತಾರೆ, ಸರಿಯಾಗಿ ನೋಡು" ಎಂದು ಗದರಿದೆ. ಗದರಿ ಮುಗಿಯುವಷ್ಟರಲ್ಲಿ ನೆನಪಾಯಿತು. ಅವರ ಮೊಬೈಲಿಗೆ ಕರೆ ಮಾಡಿದೆ. ಅದು ಬಸ್ಸಿನೊಳಗೆ, ಈರುಳ್ಳಿ ಚೀಲದ ಪಕ್ಕದ ಕೈಚೀಲದಲ್ಲಿ ಹಾಡತೊಡಗಿತು. ಮುಕ್ಕಾಲು ಗಂಟೆ ನಾವು ಅವರಿಲ್ಲದೆ ಬಂದಿದ್ದೆವು, ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಹಸಿವಾದಾಗ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ತಲೆ ತಗ್ಗುತ್ತದೆ.

ಹೆಡ್‌ಮಾಸ್ಟರು ಬಿಳಿಚಿಕೊಂಡರು. "ಅವರು ಬಸ್ ಬಿಟ್ಟು ಎಲ್ಲಿಗೆ ಹೋದ್ರು? ಹೇಳಿ ಹೋಗಬೇಕಲ್ವಾ?" ಎಂದರು. ಜೊತೆಯ ಟೀಚರೊಬ್ಬರು, "ಒಳಗೆ ನೋಡೋಕೆ ಹೋಗಿರ್ಬೇಕು, ಪಾಪ, ದಾರಿ ತಪ್ಪಿದ್ದಾರೆ" ಎಂದರು. ನಾನು ಬಾಯಿ ಬಿಡಲಿಲ್ಲ. "ನಾನು ಕರ್ಕೊಂಡು ಬರ್ತೀನಿ ಸರ್" ಎಂದಷ್ಟೇ ಹೇಳಿ ಆಟೊ ಹತ್ತಿದೆ.

ಮೃಗಾಲಯದ ಗೇಟು ಮುಚ್ಚಿತ್ತು. ಕಡಲೆಕಾಯಿ ಮಾರುವವರು ಬುಟ್ಟಿ ಕಟ್ಟುತ್ತಿದ್ದರು. ನಾನು ಹೇಳಿದ್ದ ಕಂಬದ ಪಕ್ಕ ಅಡುಗೆಯಕ್ಕ ನೆಟ್ಟಗೆ ನಿಂತಿದ್ದರು. ಹತ್ತಿರದಲ್ಲೇ ಕಲ್ಲುಬೆಂಚು ಖಾಲಿಯಿತ್ತು. ನಾನು ಆಟೊದಿಂದ ಇಳಿದು ಓಡಿದೆ. ಅವರು ನನ್ನನ್ನು ನೋಡಿ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

"ಕೂತ್ಕೊಳ್ಳೋದಲ್ವಾ ಅಕ್ಕ?" ಎಂದೆ. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದ ಮಾತು ಅದು.

"ಕೂತ್ರೆ ಬಸ್ಸಿನೋರಿಗೆ ಕಾಣೋದಿಲ್ಲ ಅಂತ ನಿಂತೇ ಇದ್ದೆ" ಎಂದರು. ದನಿ ನಡುಗುತ್ತಿತ್ತು. ಅಳುವೇನೋ ಅಂದುಕೊಂಡೆ, ಅಲ್ಲ, ಅದು ಸಿಟ್ಟು. "ಹನ್ನೆರಡು ವರ್ಷ ಆಯ್ತು ಟೀಚರೆ, ಪಾತ್ರೆ ಕಟ್ಕೊಂಡು ಮೈಸೂರಿಗೆ ಬರೋಕೆ ಶುರು ಮಾಡಿ. ಒಂದು ಸೌಟು ಬಿಟ್ಟು ಬಂದೋಳಲ್ಲ ನಾನು."

ನಾನು ಕೈ ಹಿಡಿಯಹೋದೆ. ಕೊಡಲಿಲ್ಲ. ಆಟೊದಲ್ಲಿ ಒಂದು ಮೂಲೆಗೆ ಅವರು, ಇನ್ನೊಂದು ಮೂಲೆಗೆ ನಾನು. ಊರು ದಾಟಿದಮೇಲೆ ಧೈರ್ಯ ಮಾಡಿ, "ನೀರುಕುದುರೆ ನೋಡಿದ್ರಾ?" ಎಂದು ಕೇಳಿದೆ.

"ಬೆನ್ನು ನೋಡ್ದೆ" ಎಂದರು. ಆಮೇಲೆ ತಾವಾಗಿಯೇ ಹೇಳಿದರು. "ನೀರಲ್ಲೇ ಬಿದ್ಕೊಂಡಿತ್ತು. ಎದ್ದು ಬಾಯಿ ತೆಗೀತದೆ ಅಂತ ಕಾದೆ. ಈಗ ತೆಗೀತದೆ, ಈಗ ತೆಗೀತದೆ ಅಂತ ಪಕ್ಕದಲ್ಲಿದ್ದೋರು ಹೇಳ್ತಾ ಇದ್ರು. ಹೊತ್ತು ಕೇಳಿದ್ರೆ ನಾಲ್ಕು ದಾಟಿದೆ ಅಂದ್ರು. ನೀವು ನಾಲ್ಕೂವರೆ ಅಂದಿದ್ರಲ್ಲ, ಬಂದ್ಬಿಟ್ಟೆ. ಹತ್ತು ನಿಮಿಷ ಮೊದಲೇ ಬಂದಿದ್ದೆ."

ಆ ಹತ್ತು ನಿಮಿಷ ಅಲ್ಲಿ ನಿಂತಿದ್ದರೆ ಅದು ಬಾಯಿ ತೆರೆಯುತ್ತಿತ್ತೋ ಏನೋ. ಅವರು ನಿಲ್ಲಲಿಲ್ಲ. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟು ಬಂದಿದ್ದರು.

ಕೆ.ಆರ್.ಎಸ್‌ಗೆ ಮರಳಿದಾಗ ಕಾರಂಜಿಯ ಬಣ್ಣದ ದೀಪ ಹತ್ತಿತ್ತು. ಮಕ್ಕಳು ಓಡಿಬಂದು ಅಕ್ಕನನ್ನು ತಬ್ಬಿಕೊಂಡರು. ಹೆಡ್‌ಮಾಸ್ಟರು ಎದುರು ಬಂದು, "ಎಂತಾಯ್ತಮ್ಮ? ಎಲ್ಲಿ ಹೋಗಿದ್ರಿ?" ಎಂದು ಕೇಳಿದರು. ಕೆಟ್ಟ ದನಿಯಲ್ಲೇನೂ ಅಲ್ಲ, ಹೆದರಿದ ದನಿಯಲ್ಲಿ. ಅಡುಗೆಯಕ್ಕ ಬಾಯಿ ತೆರೆಯುವ ಮೊದಲು ನಾನು ಹೇಳಿದೆ: "ಒಳಗೆ ದಾರಿ ತಪ್ಪಿತಂತೆ ಸರ್. ಗೇಟು ಸಿಗದೆ ಸುತ್ತಿದ್ದಾರೆ."

ಹೆದರಿಕೆಯಿಂದ ಹಾಗೆಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಎಲ್ಲೋ ಒಂದು ಶಾಲೆಯಲ್ಲಿ ಮಗುವನ್ನು ಬಿಟ್ಟು ಬಂದ ಟೀಚರನ್ನು ಮನೆಗೆ ಕಳಿಸಿದರೆಂಬ ಸುದ್ದಿ ಆಗ ಓಡಾಡುತ್ತಿತ್ತು. ಆದರೆ ನಿಜವಾದ ಕಾರಣ ಅದಲ್ಲ. ನಂಬರ್ ಕೂಗಿಸುವ ಟೀಚರು ಎಂಬ ಹೆಸರು ಹೋಗಬಾರದಿತ್ತು, ಅಷ್ಟೇ. ಅಷ್ಟು ಸಣ್ಣದಕ್ಕೆ ಆ ಸುಳ್ಳು.

ಅಡುಗೆಯಕ್ಕ ನನ್ನ ಮುಖವನ್ನು ಒಂದೇ ಸಲ ನೋಡಿದರು. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, "ಹೌದು ಸರ್. ದೊಡ್ಡ ಜಾಗ. ನಂಗೆ ಗೊತ್ತಾಗ್ಲಿಲ್ಲ" ಎಂದರು. ಸೆರಗು ಸಿಕ್ಕಿಸಿಕೊಂಡು ಒಲೆ ಹತ್ತಿಸಿದರು. ರಾತ್ರಿಗೆ ಚಿತ್ರಾನ್ನ ಆಗಬೇಕಿತ್ತು.

ಸೋಮವಾರ ಅಡುಗೆಕೋಣೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವರು ಬೇಳೆ ಆರಿಸುತ್ತಿದ್ದರು. "ಅಕ್ಕ, ನಾನು ಹೆಡ್‌ಮಾಸ್ಟರ ಹತ್ರ ನಿಜ ಹೇಳ್ಬಿಡ್ತೀನಿ" ಎಂದೆ. ಬೇಡ ಎನ್ನಲಿ ಎಂದು ಕಾಯುತ್ತಲೇ ಹೇಳಿದ ಮಾತು ಅದು. ಅವರಿಗೆ ಅದು ಗೊತ್ತಿತ್ತು.

"ಬಿಡಿ ಮಾರಾಯ್ರೆ" ಎಂದರು. "ನಿಮ್ದು ಮಕ್ಕಳನ್ನ ಎಣಿಸೋ ಕೆಲಸ. ನಿಮ್ಮ ಎಣಿಕೆ ತಪ್ತದೆ ಅಂತಾದ್ರೆ ನಾಳೆ ಯಾವ ತಾಯಿ ಮಗೂನ ಕಳಿಸ್ತಾಳೆ? ನಂದು ತಪ್ಪಿದ್ರೆ ಸಾರಿಗೆ ಒಂದು ಚೊಂಬು ನೀರು ಹಾಕಿದ್ರಾಯ್ತು."

ನಾನು ಬಿಟ್ಟುಬಿಟ್ಟೆ. ಆ ವಾರವೇ ಪ್ರವಾಸದ ವರದಿ ಬರೆದೆ. ಯಾವುದೇ ಅಹಿತಕರ ಘಟನೆಯಿಲ್ಲದೆ ಪ್ರವಾಸವು ಯಶಸ್ವಿಯಾಗಿ ನಡೆಯಿತೆಂದು ನನ್ನ ಗುಂಡು ಅಕ್ಷರದಲ್ಲಿ ಅಲ್ಲಿ ಈಗಲೂ ಇರಬೇಕು.

ಮರುವರ್ಷದ ಪ್ರವಾಸದ ಸಭೆಯಲ್ಲಿ ಹೆಡ್‌ಮಾಸ್ಟರು, "ಅಡುಗೆಯಕ್ಕನನ್ನ ಈ ಸಲ ಕರ್ಕೊಂಡು ಹೋಗೋದು ಬೇಡ. ಮತ್ತೆ ದಾರಿ ತಪ್ಪಿದ್ರೆ ಅವರ ಮನೆಯೋರಿಗೆ ಎಂತ ಹೇಳೋದು? ಅಲ್ಲೇ ಯಾರಿಗಾದ್ರೂ ಊಟಕ್ಕೆ ಹೇಳೋಣ" ಎಂದರು. ಎಲ್ಲರೂ ಒಪ್ಪಿದರು. ನಾನು ಪುಸ್ತಕದಲ್ಲಿ ಮಕ್ಕಳ ಪಟ್ಟಿ ನೋಡುತ್ತಿದ್ದವಳು ತಲೆ ಎತ್ತಲಿಲ್ಲ. ಒಂದು ಮಾತು ಸಾಕಿತ್ತು. ಆ ಒಂದು ಮಾತಿಗೆ ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರಲಿಲ್ಲ.

ಹೊರಡುವ ಬೆಳಿಗ್ಗೆ ಅವರು ಶಾಲೆಗೆ ಬಂದಿದ್ದರು. ಹುಬ್ಬು ಅರ್ಧವೇ ಇತ್ತು. ದಾರಿಗೆಂದು ಅವಲಕ್ಕಿ ಕಲಸಿ ತಂದಿದ್ದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಅದು ಬಾಯಿ ತೆಗೆದ್ರೆ ಮೊಬೈಲಲ್ಲಿ ತೆಕ್ಕೊಂಡು ಬನ್ನಿ" ಎಂದರು. ನಾನು ಒಂದು ಗಂಟೆ ಕಾದು ವಿಡಿಯೊ ತೆಗೆದೆ. ಪಾಪ ಕಳೆದುಕೊಳ್ಳಲು ಅಷ್ಟು ಸಾಕೆಂದು ಅಂದು ನನ್ನ ಲೆಕ್ಕ. ಸೋಮವಾರ ತೋರಿಸಿದಾಗ ಅವರು ಮೊಬೈಲನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ಎರಡು ಸಲ ನೋಡಿದರು. "ಇದ್ರಲ್ಲಿ ಎಷ್ಟು ದೊಡ್ಡದು ಅಂತ ಹ್ಯಾಂಗೆ ಗೊತ್ತಾಗ್ತದೆ ಟೀಚರೆ? ನನ್ನ ಅಂಗೈಯಷ್ಟೇ ಕಾಣ್ತದೆ" ಎಂದು ವಾಪಸು ಕೊಟ್ಟರು.

ಆಮೇಲೆ ನನಗೆ ನರಸಿಂಹರಾಜಪುರದ ಕಡೆ ವರ್ಗವಾಯಿತು. ಬೀಳ್ಕೊಡುವ ದಿನ ಅವರು ಪಾಯಸ ಮಾಡಿದ್ದರು. ವರ್ಷಕ್ಕೆ ಒಂದೆರಡು ಸಲ ಫೋನು ಮಾಡುತ್ತಿದ್ದೆ. ನನ್ನ ಹೊಸ ಶಾಲೆಯಲ್ಲಿ ಊಟ ಹೇಗೆ, ಅಲ್ಲಿಯ ಅಡುಗೆಯವಳು ಸಾರಿಗೆ ಎಷ್ಟು ಬೇಳೆ ಹಾಕುತ್ತಾಳೆ ಎಂದು ವಿಚಾರಿಸುತ್ತಿದ್ದರು. ಮೈಸೂರಿನ ಸುದ್ದಿ ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಹೊಸ ಶಾಲೆಯ ಪ್ರವಾಸದಲ್ಲಿ ಡ್ರೈವರಿಗೂ ಅಡುಗೆಯವರಿಗೂ ಸಂಖ್ಯೆ ಕೊಟ್ಟೆ. ಒಳ್ಳೆಯ ಪದ್ಧತಿ ಎಂದು ಅಲ್ಲಿಯೂ ನನ್ನನ್ನು ಹೊಗಳಿದರು.

ಈ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ ಅಡುಗೆಯಕ್ಕ ಹೋದರೆಂದು ತಿಳಿಸಿದಳು. ಎರಡು ದಿನ ಜ್ವರ, ಮೂರನೇ ದಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಹನ್ನೊಂದನೆಯ ದಿನದ ಊಟಕ್ಕೆ ಬಾಳೆಹೊನ್ನೂರಿನಲ್ಲಿ ಬಸ್ಸು ಬದಲಾಯಿಸಿಕೊಂಡು ಹೋದೆ.

ಅವರ ಮಗ ಬಸರೀಕಟ್ಟೆಯಲ್ಲಿ ಬಾಡಿಗೆ ಜೀಪು ಓಡಿಸುತ್ತಾನೆ. ಅಂಗಳದಲ್ಲಿ ಶಾಮಿಯಾನ ಹಾಕಿ ಎಲೆ ಹಾಸಿದ್ದರು. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದ ಮಗಳು ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ಕೂರಿಸಿದಳು. ಅಳು ಮುಗಿದು ಸತ್ತವರ ತಮಾಷೆಗಳನ್ನು ನೆನೆದುಕೊಳ್ಳುವ ಹೊತ್ತಾಗಿತ್ತು. ಗ್ಯಾಸಿಗೆ ಹುಬ್ಬು ಸುಟ್ಟ ಕಥೆ ಬಂತು. ಆಮೇಲೆ ಅವಳೇ ನಗುತ್ತ, "ಮತ್ತೆ ಮೈಸೂರಲ್ಲಿ ದಾರಿ ತಪ್ಪಿದ ಕಥೆ. ಅದಂತೂ ನಿಮಗೇ ಗೊತ್ತಲ್ಲ ಟೀಚರ್, ನೀವೇ ಹುಡುಕ್ಕೊಂಡು ಬಂದಿದ್ದಂತೆ" ಎಂದಳು.

ನಾನು ಹೂಂಗುಟ್ಟಿದೆ.

"ನಾವು ಎಷ್ಟು ಆಡ್ಕೊಂಡಿದೀವಿ ಅಮ್ಮನ್ನ. ಕೊಪ್ಪದ ಸಂತೆಗೆ ಹೊರಟ್ರೂ, ಕೈಗೆ ಹಗ್ಗ ಕಟ್ಕೊಂಡು ಹೋಗಿ ಅಂತಿದ್ವಿ. ಅಣ್ಣ ಎರಡು ಸಲ ಎಲ್ಲರನ್ನೂ ಮೈಸೂರಿಗೆ ಕರ್ಕೊಂಡು ಹೋದ, ಜೀಪಲ್ಲೇ. ಬೆಂಗಳೂರಿಗೂ ಹೋದ್ವಿ, ಲಾಲ್‌ಬಾಗ್ ಅದು ಇದು ಎಲ್ಲ ನೋಡಿದ್ವಿ. ಅಮ್ಮನ್ನ ಮಾತ್ರ ಕರ್ಕೊಂಡು ಹೋಗ್ಲಿಲ್ಲ. ಆ ಜನದಲ್ಲಿ ಮತ್ತೆ ತಪ್ಪಿಸ್ಕೊಂಡ್ರೆ ಅಂತ ಅಣ್ಣನಿಗೆ ಹೆದರಿಕೆ. ಅಮ್ಮನೂ ಅಷ್ಟೇ, ನೀವು ಹೋಗಿ ಬನ್ನಿ, ನಾನು ಬಂದ್ರೆ ನಿಮಗೆ ನನ್ನ ಕಾಯೋದೇ ಕೆಲಸ ಆಗ್ತದೆ ಅಂತ ಬುತ್ತಿ ಕಟ್ಟಿಕೊಡ್ತಿದ್ರು."

ನನ್ನ ಸುಳ್ಳು ಶಾಲೆಯ ಗೇಟಿನಲ್ಲೇ ನಿಂತಿದೆ ಎಂದುಕೊಂಡಿದ್ದೆ. ಅದು ಅವರ ಜೊತೆಯಲ್ಲೇ ಮನೆಗೆ ಬಂದು ಇಷ್ಟು ವರ್ಷ ಅವರನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ. ಹೆತ್ತ ಮಕ್ಕಳ ಹತ್ತಿರವೂ ಅವರು ನನ್ನ ಹೆಸರು ಕೆಡಿಸಿರಲಿಲ್ಲ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಟಿಕೆಟ್ಟು ಕೊಟ್ಟು ಒಳಗೆ ಕಳಿಸಿದವಳು ನಾನು, ನಾಲ್ಕೂವರೆ ಎಂದವಳು ನಾನು, ನಾಲ್ಕಕ್ಕೇ ಬಸ್ಸು ಹೊರಡಿಸಿದವಳು ನಾನು, ದಾರಿ ತಪ್ಪಿತು ಎಂದು ಸುಳ್ಳು ಹೇಳಿದವಳೂ ನಾನೇ. ಮಗಳ ಮುಖದ ಮೇಲಿನ ನಗು ಅಲ್ಲೇ ನಿಂತುಹೋಯಿತು. ಅವಳು ನನ್ನನ್ನು ಬಯ್ಯಲಿಲ್ಲ. ಬಾಗಿಲ ಕಡೆ ತಿರುಗಿ, "ಅಣ್ಣ, ಸ್ವಲ್ಪ ಇಲ್ಲಿ ಬಾ. ಟೀಚರ್ ಎಂತದೋ ಹೇಳ್ತಾರೆ, ಕೇಳು" ಎಂದು ಕರೆದಳು.

ಅವನು ಕೈಯಲ್ಲಿ ನೀರಿನ ಜಗ್ಗು ಹಿಡಿದುಕೊಂಡೇ ಬಂದ. ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಮುಗಿದಮೇಲೆ ಅವನು ಒಂದೇ ಪ್ರಶ್ನೆ ಕೇಳಿದ.

"ಹಾಗಾದ್ರೆ ಅಮ್ಮ ನೀವು ಹೇಳಿದ ಜಾಗದಲ್ಲೇ ಇದ್ರಾ?"

"ಅಲ್ಲೇ ಇದ್ದರು. ಹತ್ತು ನಿಮಿಷ ಮೊದಲೇ ಬಂದು ನಿಂತಿದ್ದರು."

ಹೊರಗೆ ಪಂಕ್ತಿ ಕೂತಾಗಿತ್ತು, ನೀರು ಬಡಿಸಬೇಕಿತ್ತು, ಅವನು ಜಗ್ಗು ಹಿಡಿದು ಹೋದ. ತಂಗಿ ನನ್ನನ್ನೂ ಎಬ್ಬಿಸಿ ಕರೆತಂದು ಸಾಲಿನ ಕೊನೆಯ ಎಲೆಗೆ ಕೂರಿಸಿದಳು. ಅವನು ಆ ತುದಿಯಿಂದ ಬಗ್ಗಿ ಬಗ್ಗಿ ಲೋಟಕ್ಕೆ ನೀರು ಬಿಡುತ್ತ ಬರುತ್ತಿದ್ದ. ಮಾವಂದಿರು, ಅತ್ತೆಯಂದಿರು, ನೆರೆಮನೆಯವರು, ಅಂಗಡಿಯವರು, ಒಬ್ಬೊಬ್ಬರ ಎಲೆಯ ಮುಂದೆಯೂ ಒಂದು ಗಳಿಗೆ ನಿಂತು ಒಂದೇ ಮಾತು ಹೇಳುತ್ತಿದ್ದ: "ಅಮ್ಮ ಮೈಸೂರಲ್ಲಿ ದಾರಿ ತಪ್ಪಿರ್ಲಿಲ್ಲಂತೆ."